ಜೋಳಿಗೆಗೆ ಹಾಕಿದ ಹುಡುಗಿ

ಈ ವರ್ಷದ ಮೊದಲ ಮಳೆ ನನಗೆ ಸಿಕ್ಕಿದ್ದು ನಿಲಂಗಾದ ಕಾಳಿನ ಪೇಟೆಯಲ್ಲಿ. ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು ಬರುತ್ತಿದ್ದೆವು, ನಾನು ಮತ್ತು ಮೊಮ್ಮಗನ ಹೆಂಡತಿ. ಅಡತಿ ಅಂಗಡಿಯ ತಗಡಿನ ಕೆಳಗೆ ಸರಿದು ನಿಂತೆವು. ಅಂಗಳದಲ್ಲಿ ಒಟ್ಟಿದ್ದ ಗೋಣಿತಟ್ಟಿನ ಚೀಲಗಳು ಒಂದೇ ಸಮನೆ ನೆನೆದವು. ನೆನೆದ ತಟ್ಟಿನದು ಒಂದು ವಾಸನೆ ಇರುತ್ತದೆ. ತೊಯ್ದ ನಾಯಿ, ಹಳೆಯ ಹಿಟ್ಟು, ಮಣ್ಣು ಮೂರೂ ಕೂಡಿದ ಹಾಗೆ. ಒಳ್ಳೆಯ ವಾಸನೆ ಏನಲ್ಲ. ಆದರೂ ನಾನು ಮೂಗಿಗೆ ಸೆರಗು ಹಿಡಿಯಲಿಲ್ಲ.

ಅದೇ ಹೊತ್ತಿಗೆ ಅವಳ ಫೋನು ಗುಂಯ್ ಅಂದಿತು. ಮರಿಮೊಮ್ಮಗಳ ಶಾಲೆಯ ಹೆಡ್‌ಮೇಡಂ ಕಳಿಸಿದ ಸೂಚನೆ. ಶಾಲೆ ತೆರೆದು ವಾರ ಆಗಿರಲಿಲ್ಲ, ಆಗಲೇ ದಿನಕ್ಕೊಂದು ಬರುತ್ತಿತ್ತಂತೆ. ಮರಾಠಿಯಲ್ಲಿದ್ದುದನ್ನು ನನಗಾಗಿ ನಮ್ಮ ಮಾತಿಗೆ ತಿರುಗಿಸಿ ಓದಿದಳು.

"ಉಗುರ ಕತ್ತರಿಸಿ ಕಳಸ್ರಿ ಅಂತ. ನೀರಿನ ಬಾಟ್ಲಿ ಮ್ಯಾಲ ಹೆಸರ ಬರೀರಿ ಅಂತ. ತಡಾ ಮಾಡಿದ್ರ ಗೇಟ್ ಹಾಕ್ತೀವಿ ಅಂತ. ಈ ಮೇಡಂಗ ಬ್ಯಾರೆ ಕೆಲಸ ಇಲ್ಲೇನ್ರಿ ಅಮ್ಮಾ?"

"ಮುಂದ ಏನ ಬರದಾಳ?"

"ಮುಂದೇನಿಲ್ರಿ. ನಿಮ್ಮ ಸಹಕಾರ ಇರ್ಲಿ ಅಂದಾಳ."

"ಸಹಕಾರ ಕೇಳ್ಯಾಳಂದ್ರ ಏನೋ ಬೇಕಾಗ್ಯದ. ನೋಡಕೊಂಡಿರು."

ಅವಳು ನಕ್ಕಳು. ನಾನು ನಗಲಿ ಅಂತ ಹೇಳಿರಲಿಲ್ಲ.

ನಾನು ಶಾಲೆಗೆ ಹೋದದ್ದು ಒಂದೇ ಮಳೆಗಾಲ, ಅದೂ ಪೂರಾ ಅಲ್ಲ. ಮಿರಗ, ಅಂದರೆ ಮೃಗಶಿರಾ ಮಳೆ, ಹೊಕ್ಕಾಗ ಶುರುವಾಗಿ ಹೆಸರುಕಾಯಿ ಬಿಡಿಸುವ ಹೊತ್ತಿಗೆ ಮುಗಿಯಿತು. ಆ ಶಾಲೆಯಲ್ಲಿ ಕೂಡುತ್ತಿದ್ದದ್ದು ತಟ್ಟಿನ ಮೇಲೆ. ಮಾಳಿಗೆ ಸೋರುತ್ತಿತ್ತು, ತಟ್ಟು ಸದಾ ಹಸಿ. ಉಳಿದ ಅಕ್ಷರಗಳನ್ನು ಆಮೇಲೆ ಗಂಡನ ಊರು ದಾಳಿಂಬದಲ್ಲಿ, ಮಠದಲ್ಲಿ ಹಾಡುವ ವಚನದ ಪುಸ್ತಕ ಹಿಡಿದು ನಾನೇ ಕಲಿತೆ. ಒತ್ತಕ್ಷರ ಇವತ್ತಿಗೂ ತಪ್ಪುತ್ತವೆ. ಬಸವಕಲ್ಯಾಣಕ್ಕೆ ಕೊಟ್ಟ ಮಗಳು ಬಂದಾಗ ತಿದ್ದಿಕೊಡುತ್ತಾಳೆ. ಇದನ್ನು ಮೊದಲೇ ಯಾಕೆ ಹೇಳಿದೆ ಅಂದರೆ, ಬರೆಯಲು ಕಲಿಸಿದವರು ಯಾರು ಅಂತ ಕೇಳಿದರೆ ನಾನು ಯಾವ ಮಾಸ್ತರರ ಹೆಸರನ್ನೂ ಹೇಳುವುದಿಲ್ಲ.

ನನ್ನ ತವರು ನಿಲಂಗಾದಿಂದ ಶಿರೂರ ಅನಂತಪಾಳದ ಕಡೆಗೆ ಹೋಗುವ ಬಂಡಿದಾರಿಯ ಮೇಲಿನ ಊರು. ಆಗ ಅದು ಬೀದರ ಜಿಲ್ಲೆಯಲ್ಲಿತ್ತು. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ರಾಜ್ಯ ಹೋಗಿ ಕೆಲವು ವರ್ಷ ಕಳೆದಿದ್ದವು. ಉರ್ದು ಶಾಲೆ ಹೋಗಿತ್ತು. ಅದೇ ಕೋಣೆಯಲ್ಲಿ ಒಂದು ಗೋಡೆಗೆ ಮರಾಠಿ ಹುಡುಗರು, ಇನ್ನೊಂದು ಗೋಡೆಗೆ ಕನ್ನಡದವರು ಅಂತ ಆಗಿತ್ತು. ಆದರೆ ಕನ್ನಡದ ಗೋಡೆ ಖಾಲಿ. ಮನೆಯಲ್ಲಿ ಕನ್ನಡ ಆಡುವ ನಮ್ಮಂಥ ಒಕ್ಕಲುತನದವರೂ ಗಂಡುಮಕ್ಕಳನ್ನು ಮರಾಠಿಗೇ ಕೂಡಿಸುತ್ತಿದ್ದರು. ನಿಲಂಗಾದ ಕೋರ್ಟು ಮರಾಠಿ, ಬಜಾರು ಮರಾಠಿ. ಮನೆಯಲ್ಲಿ ಸುಮ್ಮನೆ ಬರುವ ಮಾತನ್ನು ಶಾಲೆಗೆ ಹೋಗಿ ಯಾಕೆ ಕಲಿಯಬೇಕು ಅನ್ನುವುದು ನಮ್ಮವರ ವಿಚಾರ.

ಹೆಡ್‌ಮಾಸ್ತರರು ಚನ್ನಬಸಯ್ಯ ಅಂತ. ಭಾಲ್ಕಿ ಕಡೆಯವರು, ಜಂಗಮರು, ಊರಿಗೆಲ್ಲ ಅಯ್ಯಾರು. ಸರಕಾರದ ಸಂಬಳ ಬರುತ್ತಿದ್ದರೂ ಕುಲದ ರೂಢಿ ಬಿಟ್ಟಿರಲಿಲ್ಲ. ಸೋಮವಾರ ಬೆಳಿಗ್ಗೆ ಶಾಲೆಯ ಗಂಟೆ ಹೊಡೆಯುವ ಮೊದಲು ಮೊಣಕಾಲ ಕೆಳಗೆ ಗೆಜ್ಜೆಯಂಥ ಜಂಗು ಕಟ್ಟಿ, ಹೆಗಲಿಗೆ ಕಾವಿ ಜೋಳಿಗೆ ಹಾಕಿ, ನಮ್ಮ ಓಣಿಯ ಮನೆಮನೆಗೆ ಭಿಕ್ಷೆಗೆ ಬರುತ್ತಿದ್ದರು. ಜಂಗಿನ ಸದ್ದು ಕೇಳಿದ ಕೂಡಲೇ ಹೆಂಗಸರು ಕೈತೊಳೆದು ಬೊಗಸೆ ಹಿಟ್ಟು ಹಿಡಿದು ಹೊಸ್ತಿಲಿಗೆ ಬರಬೇಕು. ಅಯ್ಯಾರು ಬಾಗಿಲಿನಿಂದ ಬರಿಗೈಲಿ ಹೋದರು ಅನ್ನುವ ಮಾತು ನಮ್ಮಲ್ಲಿ ಇಲ್ಲ.

ಶಾಲೆಯ ಸೂಚನೆಗಳನ್ನು ಅವರು ಹೇಳುತ್ತಿದ್ದದ್ದೂ ಆಗಲೇ. ಬೇರೆ ಹೇಗೆ ಹೇಳಿಯಾರು? ಬರೆದು ಕಳಿಸಿದರೆ ಓದುವವರು ಯಾರು? ಹಿಟ್ಟು ಜೋಳಿಗೆಗೆ ಬೀಳುತ್ತಿದ್ದ ಹಾಗೆ ಸೂಚನೆ ನಮ್ಮ ಕಿವಿಗೆ ಬೀಳುತ್ತಿತ್ತು.

"ತಲಿಗಿ ಎಣ್ಣಿ ಹಚ್ಚಿ ಕಳಸ್ರಿ, ಹೇನ ನೋಡಿ ಕಳಸ್ರಿ. ಪಾಟಿ ಉಗುಳ ಹಚ್ಚಿ ಒರಸಬಾರದು, ನೀರ ಹಚ್ಚಬೇಕು. ಅಕ್ಷರ ಅಂದ್ರ ಲಿಂಗ ಇದ್ದಂಗ. ಮತ್ತ ಶನಿವಾರ ಸಾಲಿ ಸಾರಸ್ಲಾಕ ಮನಿಗೊಂದು ಪುಟ್ಟಿ ಸೆಗಣಿ ಬರಬೇಕು."

ನಮ್ಮ ಎದುರು ಮನೆಯ ಕಾಶಮ್ಮ ಬಾಯಿ ಜೋರಿನವಳು. "ಹುಡುಗರೂ ನಮ್ಮವು, ಸೆಗಣೀನೂ ನಮ್ದು. ಮತ್ತ ನಿಮ್ದೇನ್ರಿ ಅಯ್ಯಾರ?"

"ಬೆತ್ತ ನಂದು," ಅನ್ನುತ್ತಿದ್ದರು ಅಯ್ಯಾರು. ಓಣಿ ನಗುತ್ತಿತ್ತು. ಜನರಿಗೆ ಬೇಕಾಗುವ ಹಾಗೆ ಮಾತಾಡುವುದು ಅವರಿಗೆ ಬರುತ್ತಿತ್ತು. ಅದನ್ನು ಇಲ್ಲ ಅನ್ನಲಾರೆ.

ಆ ವರ್ಷ ಮಿರಗ ಹೊಕ್ಕ ಮೇಲೆ ಬಂದ ಮೊದಲ ಸೋಮವಾರ ಅವ್ವ ಹಿಟ್ಟು ಹಿಡಿದು ಹೋದರೆ ಅಯ್ಯಾರು ಜೋಳಿಗೆಯ ಬಾಯಿಯನ್ನು ಕೈಯಿಂದ ಮುಚ್ಚಿ ನಿಂತರು.

"ಇವತ್ತ ಹಿಟ್ಟ ಬ್ಯಾಡ ತಂಗಿ."

ಅವ್ವ ಗಾಬರಿಯಾದಳು. "ಯಾಕ್ರಿ ಅಯ್ಯಾರ? ಏನ ತಪ್ಪಾತು?"

"ತಪ್ಪೇನಿಲ್ಲ. ಇವತ್ತ ನನ್ನ ಜೋಳಗಿ ಹಿಟ್ಟಿಗಿ ಬಂದಿಲ್ಲ, ಹುಡುಗಿಗಿ ಬಂದದ. ನಿನ್ನ ನೀಲಾನ್ನ ಹಾಕು. ಕನ್ನಡ ಸಾಲ್ಯಾಗ ಕೂಡ್ಲಿ."

"ಜೋಳಗಿ ಹರದೀತ್ರಿ. ಆಕಿ ಎತ್ತಿನಂಗ ತಿಂತಾಳ."

"ಹರದ್ರ ಹೊಲಿಸ್ತೀನಿ."

ಅವ್ವ ನಕ್ಕಳು. ಅವಳಿಗೆ ಒಂದು ಆಸೆ ಇತ್ತು, ಯಾರಿಗೂ ಹೇಳಿರಲಿಲ್ಲ. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಓದುವಾಗ ಗಂಡಸರು ದೀಪದ ಹತ್ತಿರ ಕೂತು ಓದುತ್ತಿದ್ದರು, ಹೆಂಗಸರು ಕಂಬದ ಹಿಂದೆ ಕೂತು ಅರ್ಧ ಕೇಳಿ ಅರ್ಧ ಬಿಟ್ಟು ಏಳುತ್ತಿದ್ದರು. ತನ್ನ ಮಗಳು ತನ್ನ ಮನೆಯ ಪಡಸಾಲೆಯಲ್ಲಿ ತನಗಾಗಿ ಓದಬೇಕು ಅನ್ನುವುದು ಆ ಆಸೆ. ಒಳಗೆ ಬಂದು ನನ್ನ ಕೈ ಹಿಡಿದು ಎಳೆದುಕೊಂಡು ಹೋದಳು. ನನ್ನ ಅಂಗೈಯನ್ನು ಜೋಳಿಗೆಯ ಒಳಗೆ ಇಡಿಸಿ, ಅದರ ಮೇಲೆ ಬೊಗಸೆ ಹಿಟ್ಟು ಸುರಿದಳು. ಭಿಕ್ಷೆ ಕೊಟ್ಟ ಮೇಲೆ ನಮಸ್ಕಾರ ಮಾಡುವ ಹಾಗೆ ಇಬ್ಬರೂ ಬಗ್ಗಿ ಪಾದ ಮುಟ್ಟಿದೆವು. ಅಪ್ಪ ದನದ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಎಲ್ಲ ನೋಡಿದ. ಏನೂ ಅನ್ನಲಿಲ್ಲ. ಅವನು ಒಪ್ಪಿದ್ದೇ ದೊಡ್ಡದು ಅಂತ ಅವ್ವ ಆ ದಿನವೆಲ್ಲ ಹಿಗ್ಗಿದಳು.

ಓಣಿಯ ಎಲ್ಲ ಮನೆಯಲ್ಲೂ ಅಯ್ಯಾರು ಹೀಗೇ ಮಾಡಿದರು. ಜಂಗಮರು ಬಾಯಿ ಬಿಟ್ಟು ಕೇಳಿದ ಭಿಕ್ಷೆ. ಯಾವ ಹೆಂಗಸು ಒಲ್ಲೆ ಅಂದಾಳು? ಒಂದೇ ಬೆಳಿಗ್ಗೆ ಕನ್ನಡದ ಗೋಡೆ ತುಂಬಿತು, ಹುಡುಗಿಯರಿಂದ.

ನನ್ನ ಪಕ್ಕ ಕೂತವಳು ಬೀರವ್ವ. ಊರ ಹೊರಗೆ ಕುರಿದಡ್ಡಿ ಹಾಕಿಕೊಂಡು, ಹೊಲವನ್ನೂ ಮಾಡುತ್ತಿದ್ದ ಬೀರಪ್ಪ ದೇವರ ಒಕ್ಕಲಿನವಳು, ಕುರುಬರ ಹುಡುಗಿ. ಅಯ್ಯಾರು ಆ ಮನೆಗೆ ಭಿಕ್ಷೆಗೆ ಹೋಗುತ್ತಿರಲಿಲ್ಲ, ದಾರಿಯಲ್ಲಿ ನಿಂತು ಅವಳ ಅವ್ವನಿಗೆ ಕೂಗಿ ಹೇಳಿದ್ದರು. ಬೀರವ್ವನಿಗೆ ಮೊದಲ ದಿನದಿಂದ ಅನುಮಾನ.

"ನೀಲಾ, ನಮ್ಮಪ್ಪ ಕುರಿ ದಡ್ಡಿಗಿ ಹೊಡದು ಎಣಿಸ್ತಾನಲ್ಲ, ಹಂಗ ಕಾಣಸ್ತದ ನೋಡ ಇದು. ಎಣಿಕಿ ಮುಗೀತಂದ್ರ ಬಾಗಲ ತಗೀತಾರ."

"ನಿಂಗ ಎಲ್ಲಾ ಕುರೀನೇ ಕಾಣಸ್ತಾವ. ಸುಮ್ಕ ಬರಿ."

"ನೀ ಬರಿ. ನಿನ್ನ ಜೋಳಗಿಗಿ ಹಾಕ್ಯಾರ, ನನ್ನ ಯಾರ ಹಾಕ್ಯಾರ?"

ನಾನು ಬರೆದೆ. ಸುಳ್ಳು ಹೇಳುವುದಿಲ್ಲ, ನನಗೆ ಅದು ಬೆಲ್ಲದ ಹಾಗೆ ಹತ್ತಿತು. ಕಳೆ ತೆಗೆಯಲು ಹೊಲಕ್ಕೆ ಹೋಗುವುದು ತಪ್ಪಿತು, ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ತಿರುಗುವುದು ತಪ್ಪಿತು ಅಂತ ಮೊದಲು ಖುಷಿ. ಆಮೇಲೆ ಬೇರೆಯದೇ ಖುಷಿ. ಎತ್ತಿನ ಬಂಡಿ ಸದ್ದು ಮಾಡಿದಾಗ ಅದರಲ್ಲಿ ಎಷ್ಟು ಅಕ್ಷರ ಇವೆ ಅಂತ ನೋಡುತ್ತಿದ್ದೆ. ರೊಟ್ಟಿ ಬಡಿಯುವಾಗ ಹಿಟ್ಟಿನ ಮೇಲೆ ಬೆರಳಿನಿಂದ ಬರೆಯುತ್ತಿದ್ದೆ. ಅವ್ವ ಅದನ್ನು ಅಳಿಸದೆ ರೊಟ್ಟಿ ತಿರುವಲು ತಡಮಾಡುತ್ತಿದ್ದಳು.

ಅಯ್ಯಾರು ಒಳ್ಳೆಯ ಮಾಸ್ತರು. ಅದೇ ನನಗೆ ಇವತ್ತಿಗೂ ಉರಿಯುವುದು. ಕೆಟ್ಟವರಾಗಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲ. ನನ್ನ ಪಾಟಿಯನ್ನು ಎತ್ತಿ ಮರಾಠಿ ಹುಡುಗರಿಗೆ ತೋರಿಸುತ್ತಿದ್ದರು. ಆ ಗೋಡೆಗೆ ಕೂತ ನನ್ನ ಅಣ್ಣ ಮಲ್ಲಣ್ಣನಿಗೆ, "ನೋಡೋ, ನಿನ್ನ ತಂಗಿ ಕೈ ನೋಡು. ನಿಂದು ಕೋಳಿ ಕೆದರಿದಂಗ ಅದ," ಅನ್ನುತ್ತಿದ್ದರು. ಸೋಮವಾರ ಹೊಸ್ತಿಲಲ್ಲಿ ಅವ್ವನಿಗೆ ನನ್ನ ವರದಿ ಒಪ್ಪಿಸುತ್ತಿದ್ದರು.

"ಗುರವ್ವ, ನಿನ್ನ ಮಗಳು ಕಾಗುಣಿತ ದಾಟ್ಯಾಳ. ಇನ್ನ ಪುಸ್ತಕಾ ಹಿಡೀತಾಳ."

ಅವ್ವ ಎರಡು ಬೊಗಸೆ ಹಾಕುತ್ತಿದ್ದಳು.

ಶ್ರಾವಣ ಬಂತು. ಒಂದು ಸೋಮವಾರ ಅಯ್ಯಾರ ಸೂಚನೆಯಲ್ಲಿ ನಗೆ ಕಡಿಮೆ ಇತ್ತು, ಅವಸರ ಹೆಚ್ಚಿತ್ತು. ಬೀದರದಿಂದ ದೊಡ್ಡ ಸಾಹೇಬರು ಶಾಲೆ ನೋಡಲು ಬರುವವರಿದ್ದರು.

"ಆವತ್ತ ಒಬ್ಬಾಕೀನೂ ಮನ್ಯಾಗ ಇರಬಾರದು. ಮೀಸಿ ಕಳಸ್ರಿ. ಜ್ವರ ಬಂದಿದ್ರ ಹೊದಿಸಿ ಕಳಸ್ರಿ."

"ನಂದು ಸಣ್ಣದು ಇನ್ನ ಮೊಲಿ ಬಿಟ್ಟಿಲ್ಲರಿ," ಅಂದಳು ಕಾಶಮ್ಮ.

"ಅದಕ್ಕೂ ತಲಿ ಅದ ಇಲ್ಲೋ? ಕಳಸು."

ಹೆಂಗಸರು ಬಿದ್ದುಬಿದ್ದು ನಕ್ಕರು. ಆ ದಿನ ಕಾಶಮ್ಮನ ಕೂಸು ನಿಜವಾಗಿ ತಟ್ಟಿನ ಮೇಲೆ ಕೂತು ಬಳಪ ತಿಂದಿತು. ಮದುವೆಯಾಗಿ ಇನ್ನೂ ಗಂಡನ ಮನೆಗೆ ಹೋಗದ ಒಬ್ಬಳ ತಾಳಿಯನ್ನು ಕುಪ್ಪಸದ ಒಳಗೆ ತುರುಕಿ ಕೂಡಿಸಿದ್ದರು. ಸಾಹೇಬರು ಬಂದರು. ಕರಿ ಟೋಪಿ, ಸಣ್ಣ ದನಿ. ಹುಡುಗಿಯರನ್ನು ನೋಡಿ ಮುಖ ಅರಳಿತು. ಅಯ್ಯಾರು ನನ್ನನ್ನು ಎಬ್ಬಿಸಿದರು. ಪುಸ್ತಕದ ಒಂದು ಪುಟ ತೆಗೆದುಕೊಟ್ಟರು. ಆಕಳು ಮತ್ತು ಕರುವಿನ ಪಾಠ. ಒಂದೂ ತಪ್ಪದೆ ಓದಿದೆ.

"ಶಾಬಾಸ್," ಅಂದರು ಸಾಹೇಬರು. "ದೊಡ್ಡವಳಾದ ಮೇಲೆ ಏನಾಗುತ್ತೀ?"

"ಮಾಸ್ತರ ಆಗ್ತೀನ್ರಿ."

ಚಾವಡಿಯಿಂದ ಬಂದು ಬಾಗಿಲಲ್ಲಿ ನಿಂತಿದ್ದ ಗಂಡಸರೆಲ್ಲ ಗೊಳ್ಳೆಂದು ನಕ್ಕರು. ಅಪ್ಪನೂ ಇದ್ದ, ಅವನೂ ನಕ್ಕ. ಅಯ್ಯಾರು ಮಾತ್ರ ನಗಲಿಲ್ಲ, ನೆಲ ನೋಡಿದರು. ಮಾಸ್ತರರಿಗೆ ನನ್ನ ಮೇಲೆ ಎಷ್ಟು ಅಭಿಮಾನ ಅಂದುಕೊಂಡೆ. ಹುಡುಗಿ ಬುದ್ಧಿ.

ಮುಂದಿನ ಸೋಮವಾರದ ಸೂಚನೆಯನ್ನು ನಾನು ಬಾಗಿಲ ಹಿಂದೆ ನಿಂತು ಕೇಳಿದೆ. ಅಯ್ಯಾರು ಹಿಟ್ಟು ಹಾಕಿಸಿಕೊಂಡು, ಜೋಳಿಗೆ ಸರಿಮಾಡಿಕೊಂಡು, ಹೊರಡುವವರ ಹಾಗೆ ಅರ್ಧ ತಿರುಗಿ ಹೇಳಿದರು.

"ಇನ್ನ ಹುಡುಗ್ಯಾರ್ನ ಕಳಸೂದು ಬ್ಯಾಡ ತಂಗಿ. ಜಾಗಾ ಸಾಲವಲ್ದು. ಹ್ಯಾಂಗೂ ಹೆಸರ ಬಿಡಸೂ ಟೈಮ್ ಬಂತು, ನಿಮಗೂ ಕೈ ಬೇಕು."

ಅವ್ವನಿಗೆ ತಿಳಿಯಲಿಲ್ಲ. "ಎಷ್ಟ ದಿನಾ ಬ್ಯಾಡ್ರಿ? ಹೆಸರ ಮುಗದ ಮ್ಯಾಲ ಕಳಸ್ಲೇನ್ರಿ?"

"ಬ್ಯಾಡ. ಇಷ್ಟ ಸಾಕು. ಹೆಸರ ಬರೀಲಾಕ ಬರ್ತದ, ಹೆಣ್ಣಮಗಳಿಗಿ ಮತ್ತೇನ ಬೇಕು."

ಅವ್ವ ಹಿಟ್ಟಿನ ಬುಟ್ಟಿ ಕೆಳಗಿಟ್ಟಳು. "ಅಯ್ಯಾರ, ಆಕೀನ್ನ ನಾ ಜೋಳಗಿಗಿ ಹಾಕೀನಿ. ಹಾಕಿದ್ದು ಹೊಳ್ಳಿ ತಗೊಂಡವರು ನಮ್ಮ ಮನ್ಯಾಗ ಯಾರೂ ಇಲ್ಲ."

"ಅದು ಮಾತಿಗಿ ಅಂದದ್ದು ತಂಗಿ."

"ಜಂಗು ಕಟ್ಟಿಕೊಂಡು ಹೊಸ್ತಿಲದಾಗ ನಿಂತು ಮಾತಿಗಿ ಅಂತಾರೇನ್ರಿ?"

ಅಯ್ಯಾರ ಮುಖ ಕೆಂಪಾಯಿತು. ಹಿಂದೆ ಯಾರೂ ಅವರಿಗೆ ಹಾಗೆ ಅಂದಿರಲಿಕ್ಕಿಲ್ಲ. ಕೊಟ್ಟಿಗೆಯ ಕಡೆ ಕೈ ಮಾಡಿ, "ನನಗ ಯಾಕ ಕೇಳ್ತಿ? ನಿನ್ನ ಗಂಡಗ ಕೇಳು. ಅಂವಗ ಎಲ್ಲಾ ಗೊತ್ತದ," ಅಂದು ಮುಂದಿನ ಮನೆಗೆ ಹೋದರು. ಜಂಗು ಸದ್ದು ಮಾಡುತ್ತ ಹೋಯಿತು.

ಅಪ್ಪ ಕೊಟ್ಟಿಗೆಯಲ್ಲಿ ಹಗ್ಗ ಹೊಸೆಯುತ್ತಿದ್ದ. ಅವ್ವ ಹೋಗಿ ನಿಂತಳು.

"ಏನ ಗೊತ್ತದರಿ ನಿಮಗ?"

ಅಪ್ಪ ಕೈ ನಿಲ್ಲಿಸಲಿಲ್ಲ. "ಚಾವಡ್ಯಾಗ ಮಾತಾಗಿತ್ತು. ಕನ್ನಡ ಗ್ವಾಡಿ ಖಾಲಿ ಇದ್ರ ಕ್ಲಾಸ ತಗೀತೀವಿ, ಹೆಡ್‌ಮಾಸ್ತರ್ನ್ನೂ ತಗೀತೀವಿ ಅಂದಿದ್ರಂತ ಬೀದರದವರು. ತುಂಬಿದ್ರ ಸಾಲಿಗಿ ನಾಕನೇತ್ತ ಕ್ಲಾಸೂ ಕೊಡ್ತೀವಿ ಅಂದಿದ್ರು. ಸಾಹೇಬ ಬಂದು ಹೋಗೂ ತನಕ ಹುಡುಗ್ಯಾರ್ನ ಕೂಡಸೂದು, ಹೆಸರಕಾಯಿ ಹೊತ್ತಿಗಿ ಸಾಲಿ ಬಿಡಸೂದು. ಗಂಡಸರೆಲ್ಲಾ ಕೂತು ಬರೋಬರ ಮಾತಾಡೀವಿ."

"ಯಾವಾಗ?"

"ಮಿರಗದಕಿಂತ ಮೊದಲ."

"ಅಂದ್ರ ಅಯ್ಯಾರು ಜೋಳಗಿ ತಂದಾಗ ನಿಮಗ ಗೊತ್ತಿತ್ತು."

"ಮಲ್ಲಣ್ಣಗ ನಾಕನೇತ್ತ ಇಲ್ಲೇ ಆಗ್ತದ. ಇಲ್ಲಂದ್ರ ನಿಲಂಗಾಕ ನಡಕೋತ ಹೋಗಬೇಕಿತ್ತು. ಅದರ ವಿಚಾರ ಮಾಡು."

"ನನಗ ಯಾಕ ಹೇಳಲಿಲ್ಲ?"

ಆಗ ಅಪ್ಪ ತಲೆ ಎತ್ತಿದ. "ಹೇಳಿದ್ರ ನೀ ಹಂಗ ಮೀಸಿ ಬಾಚಿ ಕಳಸ್ತಿದ್ದೇನು?"

ಅಪ್ಪ ಹೇಳಿದ್ದು ಖರೆ. ಗೊತ್ತಿದ್ದರೆ ಅವ್ವ ಕಳಿಸುತ್ತಿದ್ದಳೇನೋ, ಆದರೆ ಹಿಟ್ಟಿನ ಮೇಲಿನ ಅಕ್ಷರ ಅಳಿಯಬಾರದು ಅಂತ ರೊಟ್ಟಿ ತಡಮಾಡುತ್ತಿರಲಿಲ್ಲ. ಅವಳ ಭಕ್ತಿಯನ್ನು ಎತ್ತಿಗೆ ನೊಗ ಹಾಕಿದ ಹಾಗೆ ಹೂಡಿದ್ದರು. ಹೂಡಿದವರಲ್ಲಿ ಒಬ್ಬ ಅವಳದೇ ಗಂಡ.

ಅವ್ವ ಓಣಿಯ ಹೆಂಗಸರನ್ನು ಕೂಡಿಸಲು ನೋಡಿದಳು. ಎಲ್ಲರೂ ಹೋಗಿ ಕೇಳೋಣ ಅಂದಳು. ಕಾಶಮ್ಮ ಉಡಿ ಕಟ್ಟಿಕೊಂಡು ಹೊಲಕ್ಕೆ ಹೊರಟು ನಿಂತಿದ್ದಳು. ಅಷ್ಟು ಬಾಯಿ ಇದ್ದವಳು ಆವತ್ತು ದನಿ ತಗ್ಗಿಸಿ, "ಬಿಡ ಗುರವ್ವ. ಕಾಯಿ ಒಣಗಿ ಸಿಡೀಲಾಕತ್ಯಾವ. ಜಂಗಮರ ಸಂಗಟ ಯಾರ ಜಗಳಾಡಬೇಕು," ಅಂದಳು. ಉಳಿದವರು ಅವಳ ಹಿಂದೆಯೇ ಹೊಲಕ್ಕೆ ಹೋದರು. ಬೀರವ್ವ ಆಗಲೇ ಕುರಿಗಳ ಹಿಂದೆ ಹೋಗಿಯಾಗಿತ್ತು. ದಾರಿಯಲ್ಲಿ ನನ್ನನ್ನು ನೋಡಿ, "ದಡ್ಡಿ ಬಾಗಲ ತಗದಾರ ಏನ?" ಅಂದಳು. ಅಣಕಕ್ಕೆ ಅಲ್ಲ. ಅವಳಿಗೆ ನಿಜವಾಗಿ ಅದರಲ್ಲಿ ದುಃಖ ಪಡುವಂಥದ್ದು ಏನೂ ಕಾಣಿಸಿರಲಿಲ್ಲ.

ಮರುದಿನ ಅವ್ವ ಒಬ್ಬಳೇ ನನ್ನ ಕೈ ಹಿಡಿದು ಶಾಲೆಗೆ ನಡೆದಳು. ಶಾಲೆಯ ಹೊಸ್ತಿಲನ್ನು ಅವಳು ಅಲ್ಲಿಯ ತನಕ ದಾಟಿರಲಿಲ್ಲ. ತಲೆಯ ಮೇಲಿನ ಸೆರಗು ಹಣೆಗೆ ಎಳೆದುಕೊಂಡು, ಹುಡುಗರ ಮುಂದೆಯೇ ಹೇಳಿದಳು.

"ಈಕಿ ನಿಮ್ಮ ಜೋಳಗ್ಯಾಗಿನ ಹಿಟ್ಟು. ಕಲಸ್ತೀರೋ ಕೆಡಸ್ತೀರೋ ನಿಮಗ ಬಿಟ್ಟದ್ದು. ನನ್ನ ಮನಿಗಿ ಹೊಳ್ಳಿ ಕಳಸಬ್ಯಾಡ್ರಿ."

ನನ್ನನ್ನು ಕೂಡಿಸಿ ಹೋಗಿಬಿಟ್ಟಳು. ಖಾಲಿ ಗೋಡೆಗೆ ನಾನೊಬ್ಬಳೇ.

ಅಯ್ಯಾರು ನನ್ನನ್ನು ಹೊರಗೆ ಕಳಿಸಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರು ನನ್ನನ್ನು ಕಾಣುವುದನ್ನೇ ಬಿಟ್ಟರು. ಹೆಸರು ಕೂಗುವಾಗ ನನ್ನ ಹೆಸರು ಬರಲಿಲ್ಲ. ಮರಾಠಿ ಗೋಡೆಯ ಹುಡುಗರ ಪಾಟಿಗಳನ್ನು ನೋಡುತ್ತ ಬಂದು ಕೊನೆಯ ಹುಡುಗನ ಹತ್ತಿರ ತಿರುಗಿ ಹೋಗುತ್ತಿದ್ದರು. ನಾನು ಬರೆದು ಪಾಟಿ ಎತ್ತಿ ಹಿಡಿಯುತ್ತಿದ್ದೆ. ತೋಳು ನೋಯುವ ತನಕ ಹಿಡಿಯುತ್ತಿದ್ದೆ. ಅವರು ನನ್ನ ತಟ್ಟನ್ನು ದಾಟಿ ಕಿಟಕಿಗೆ ಹೋಗಿ ಮೋಡ ನೋಡಿ ಬರುತ್ತಿದ್ದರು. ಹುಡುಗರು ನನಗೆ "ಜೋಳಗಿ" ಅಂತ ಹೆಸರಿಟ್ಟರು. ಮಲ್ಲಣ್ಣ ಬೈಯಲಿಲ್ಲ, ನಗಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಮನೆಯಲ್ಲಿ ಮಾತ್ರ ನನ್ನ ತಾಟಿನ ಪಕ್ಕವೇ ತಾಟು ಹಾಕಿಕೊಂಡು ಉಣ್ಣುತ್ತಿದ್ದ.

ಶಾಲೆ ಬಿಡುವ ಮುಂಚೆ ಅಯ್ಯಾರು ಎಂದಿನಂತೆ, ಮನೆಯಲ್ಲಿ ಹೇಳಿರಿ ಅಂತ ಸೂಚನೆ ಕೊಡುತ್ತಿದ್ದರು. ನಾಳೆ ಪಾಟಿ ತೊಳೆದು ತರಬೇಕು, ನಾಲ್ಕನೇ ಇಯತ್ತೆ ಬಂದರೆ ಪುಸ್ತಕ ಕೊಳ್ಳಬೇಕು, ಹಬ್ಬಕ್ಕೆ ಎಷ್ಟು ರಜೆ. ನಾನೂ ಕೇಳಿಸಿಕೊಳ್ಳುತ್ತಿದ್ದೆ. ಮನೆಗೆ ಹೋಗಿ ಅವ್ವನಿಗೆ ಅವನ್ನೆಲ್ಲ ಹೇಳುತ್ತಿದ್ದೆ. ಅವಳು ನನ್ನ ಪಾಟಿ ಕೇಳುತ್ತಿದ್ದಳು.

"ಇವತ್ತ ಏನ ಕಲಿಸ್ಯಾರ?"

"ಹೊಸಾದು ಕಲಿಸ್ಯಾರ," ಅನ್ನುತ್ತಿದ್ದೆ. ಪಾಟಿಯ ಮೇಲೆ ಹಳೆಯ ಪಾಠವೇ ಇರುತ್ತಿತ್ತು. ಅವಳಿಗೆ ಹೊಸದು ಹಳೆಯದು ಹೇಗೆ ತಿಳಿಯಬೇಕು?

ಆ ವಾರದ ಕೊನೆಗೆ ಒಂದು ಮಧ್ಯಾಹ್ನ ಮಳೆ ಹೊಳವಾಗಿ ಬಿಸಿಲು ಬಿದ್ದಿತ್ತು. ನಾನು ಎತ್ತಿ ಹಿಡಿದ ಪಾಟಿಯನ್ನು ಅಯ್ಯಾರ ಧೋತರದ ಅಂಚು ಸವರಿಕೊಂಡು ಹೋಯಿತು. ಅಕ್ಷರ ಅಳಿಸಿತು. ಅವರಿಗೆ ಅದು ಗೊತ್ತೂ ಆಗಲಿಲ್ಲ. ನಾನು ಎದ್ದೆ. ಯಾರೂ ಏಳು ಅನ್ನಲಿಲ್ಲ, ಯಾರೂ ಕೂಡು ಅನ್ನಲಿಲ್ಲ. ಹೊರಗೆ ಬಂದು ಸೀದಾ ಹೊಲಕ್ಕೆ ನಡೆದೆ. ಅವ್ವ ಸಾಲಿನಲ್ಲಿ ಬಗ್ಗಿ ಹೆಸರುಕಾಯಿ ಬಿಡಿಸುತ್ತಿದ್ದಳು. ನನ್ನನ್ನು ನೋಡಿದಳು. ನನ್ನ ಸೊಂಟಕ್ಕೆ ಒಂದು ಹಳೆಯ ಬಟ್ಟೆಯ ಉಡಿ ಕಟ್ಟಿ ಪಕ್ಕದ ಸಾಲು ತೋರಿಸಿದಳು.

ಇಷ್ಟಕ್ಕೆ ಬಿಟ್ಟಿದ್ದರೆ ನಾನು ಅವ್ವನನ್ನು ಪೂರಾ ನನ್ನ ಕಡೆಯವಳು ಅಂತ ತಿಳಿಯುತ್ತಿದ್ದೆ. ಮುಂದಿನ ಸೋಮವಾರ ಜಂಗಿನ ಸದ್ದು ಬಂತು. ಅವ್ವ ಕೈ ತೊಳೆದಳು. ಬೊಗಸೆ ಹಿಟ್ಟು ತುಂಬಿಕೊಂಡಳು. ಹೊಸ್ತಿಲಿಗೆ ಹೋಗಿ ಹಾಕಿದಳು, ಬಗ್ಗಿ ಪಾದ ಮುಟ್ಟಿದಳು. ಅಯ್ಯಾರು ಎಂದಿನಂತೆ ಆಶೀರ್ವಾದ ಮಾಡಿದರು. ನಾನು ಒಲೆಯ ಮುಂದೆ ಕೂತು ನೋಡುತ್ತಿದ್ದೆ. ಒಳಗೆ ಬಂದವಳನ್ನು ಕೇಳಿಯೇಬಿಟ್ಟೆ.

"ಅವರಿಗಿ ಯಾಕ ಹಾಕಿದಿ?"

"ಅಯ್ಯಾ ಬ್ಯಾರೆ, ಮಾಸ್ತರ ಬ್ಯಾರೆ," ಅಂದಳು ಅವ್ವ. "ಮಾಸ್ತರ ಮಾಡಿದ್ದಕ್ಕ ಅಯ್ಯಾಗ ಉಪಾಸ ಕೆಡವ್ಲಾಕ ಬರಂಗಿಲ್ಲ."

"ಜೋಳಗಿ ಹಿಡದು ನನ್ನ ಬೇಡಿದಾಂವಾ ಯಾಂವಾ? ಅಯ್ಯಾನೋ ಮಾಸ್ತರೋ?"

ಅವ್ವ ನನ್ನ ಬಾಯಿ ಮೇಲೆ ಒಂದು ಕೊಟ್ಟಳು. ಮೆತ್ತಗೆ ಅಲ್ಲ. ಅಪ್ಪ ಮೋಸ ಮಾಡಿದ್ದು, ಮಾಸ್ತರರು ಮಾಡಿದ್ದು ನುಂಗಿಕೊಂಡಿದ್ದೆ. ಆ ಬೊಗಸೆ ಹಿಟ್ಟನ್ನು ನುಂಗಲು ಆಗಲಿಲ್ಲ. ಅವಳ ಜೊತೆ ಬೇಕಾದಷ್ಟೇ ಮಾತಾಡತೊಡಗಿದೆ.

ದಸರೆ ಆದ ಮೇಲೆ ಸುದ್ದಿ ಬಂತು. ಸಾಹೇಬರಿಗೆ ಶಾಲೆ ಬಹಳ ಹಿಡಿಸಿತ್ತಂತೆ. ನಾಲ್ಕನೇ ಇಯತ್ತೆ ಮಂಜೂರು. ಅಯ್ಯಾರ ನೌಕರಿ ಪಕ್ಕಾ, ಭಾಲ್ಕಿಯ ಹತ್ತಿರ ಅವರ ಸ್ವಂತ ಊರ ಮಗ್ಗುಲಿಗೇ ದೊಡ್ಡ ಶಾಲೆಗೆ ವರ್ಗ. ಕನ್ನಡದ ಗೋಡೆಯ ಬಗ್ಗೆ ಯಾರೂ ಕೇಳಲಿಲ್ಲ. ಮುಂದಿನ ವರ್ಷ ರಾಜ್ಯಗಳನ್ನು ಒಡೆದು ಹಂಚಿದಾಗ ನಮ್ಮ ತಾಲೂಕು ಮುಂಬಯಿ ಕಡೆಗೆ ಬಿತ್ತು, ಆಮೇಲೆ ಮಹಾರಾಷ್ಟ್ರ ಆಯಿತು. ಆ ಗೋಡೆಗೆ ಸುಣ್ಣ ಹೊಡೆದು ಮರಾಠಿ ಬಾರಾಖಡಿ, ಅಂದರೆ ಅವರ ಕಾಗುಣಿತ, ಬರೆದರು. ಮಲ್ಲಣ್ಣ ನಾಲ್ಕನೆಯದನ್ನು ಊರಲ್ಲೇ ಮುಗಿಸಿದ. ಕೊನೆಗೆ ಎತ್ತೇ ಹೂಡಿದ, ಅದು ಬೇರೆ ಮಾತು.

ಅಯ್ಯಾರು ಹೋಗುವ ಮುನ್ನಾದಿನ ಸಂಜೆ ಹನುಮಪ್ಪನ ಗುಡಿಯ ಮುಂದೆ ಊರವರು ಸನ್ಮಾನ ಇಟ್ಟರು. ಗಂಡಸರು ಜಮಖಾನದ ಮೇಲೆ, ಹೆಂಗಸರು ಹಿಂದೆ ಗೋಡೆಯ ಬದಿಗೆ. ಶಲ್ಯ ಹೊದಿಸಿದರು, ತೆಂಗಿನಕಾಯಿ ಕೊಟ್ಟರು. ಊರ ಪಾಟೀಲ ಮರಾಠಿಯವನು. ಅವನಿಗೆ ನಡುವೆ ಏನೋ ನೆನಪಾಯಿತು.

"ಅರೇ, ತೀ ಪೋರಗಿ ಕುಠೆ ಆಹೆ? ಆ ಹುಡುಗಿ ಎಲ್ಲದಾಳ? ಸಾಹೇಬರ ಮುಂದ ಓದಿದ್ದಳಲ್ಲ, ಆಕಿ. ಕರೀರಿ. ಮಾಸ್ತರರ ಮುಂದ ಒಂದ್ಸಲ ಓದ್ಲಿ, ಊರ ಕೇಳ್ಲಿ."

ಅಪ್ಪ ಹಿಂದೆ ತಿರುಗಿ ನನಗೆ ಕಣ್ಣು ಮಾಡಿದ. ನಾನು ಅಲ್ಲಾಡಲಿಲ್ಲ. ಯಾರೋ ಬೆನ್ನಿಗೆ ಕೈ ಹಚ್ಚಿ ಮುಂದೆ ದಬ್ಬಿದರು. ಅಯ್ಯಾರು ಶಲ್ಯದ ಒಳಗಿಂದ ಕೈ ತೆಗೆದು ಪುಸ್ತಕ ತೆರೆದು ಹಿಡಿದರು. ಅದೇ ಆಕಳಿನ ಪಾಠ. ಅಷ್ಟು ದಿನಗಳ ಮೇಲೆ ಮೊದಲ ಸಲ ನನ್ನ ಮುಖ ನೋಡಿದರು.

"ಓದು ನೀಲಾ."

"ನನಗ ಓದ್ಲಾಕ ಬರಂಗಿಲ್ರಿ," ಅಂದೆ.

ಜನ ನಕ್ಕರು. ಅಯ್ಯಾರೂ ನಕ್ಕು, "ನಾಚಿಕೊಳ್ಲಾಕತ್ಯಾಳ. ಬರ್ತದ ಆಕಿಗಿ. ನಾನೇ ಕಲಿಸೀನಿ," ಅಂದರು.

"ಬರಂಗಿಲ್ರಿ."

"ಏ ನೀಲಾ!" ಅಂದ ಅಪ್ಪ.

ಅಯ್ಯಾರು ಬಗ್ಗಿದರು. ಮೊದಲ ಅಕ್ಷರದ ಮೇಲೆ ಬೆರಳಿಟ್ಟು, ನನಗಷ್ಟೇ ಕೇಳುವ ಹಾಗೆ ಹೇಳಿದರು. "ಹಟಾ ಮಾಡಬ್ಯಾಡವ್ವ. ಇಷ್ಟ ಮಂದಿ ಮುಂದ ನನ್ನ ಮರ್ಯಾದಿ ಅದ."

ಆ ಬೆರಳ ಕೆಳಗಿನ ಅಕ್ಷರ ನನಗೆ ಗೊತ್ತಿತ್ತು. ಅದರ ಮುಂದಿನದೂ ಗೊತ್ತಿತ್ತು, ಪುಟ ಮುಗಿಯುವ ತನಕ ಕಣ್ಣು ಮುಚ್ಚಿಯೂ ಬರುತ್ತಿತ್ತು.

"ಹೊಸಾ ಸಾಲ್ಯಾಗ ಹುಡುಗ್ಯಾರು ಅದಾರೇನ್ರಿ ಅಯ್ಯಾರ?" ಅಂತ ನಾನೂ ಅವರಿಗಷ್ಟೇ ಕೇಳುವ ಹಾಗೆ ಕೇಳಿದೆ.

ಅವರು ಪುಸ್ತಕ ಮುಚ್ಚಿದರು. ಎದ್ದು ನಿಂತು ಜನರಿಗೆ, "ಹೊಲದ ಕೆಲಸದಾಗ ಮರ್ತಾಳ. ಇರ್ಲಿ, ಹೆಣ್ಣ ಹುಡುಗಿ," ಅಂದರು. ತಮ್ಮ ಚೀಲದಿಂದ ವಿಭೂತಿ ಗಟ್ಟಿ ತೆಗೆದು ಬೆರಳು ತೊಯಿಸಿ ನನ್ನ ಹಣೆಗೆ ಅಡ್ಡ ಎಳೆದರು. "ಛಲೋ ಮನಿ ಸಿಗ್ಲಿ," ಅಂತ ಆಶೀರ್ವಾದ ಮಾಡಿದರು. ಅಪ್ಪ ಕೈ ಮುಗಿದ. ಪಾಟೀಲ ಚಪ್ಪಾಳೆ ತಟ್ಟಿದ.

ಮನೆಗೆ ಬರುವಾಗ ಅಪ್ಪ, ಮಲ್ಲಣ್ಣ ಮುಂದೆ ಇದ್ದರು. ನಾನೂ ಅವ್ವನೂ ಹಿಂದೆ. ಇನ್ನೂ ಕತ್ತಲಾಗಿರಲಿಲ್ಲ. ಅಪ್ಪನ ಬೆನ್ನು ಓಣಿಯ ತಿರುವಿನಲ್ಲಿ ಮರೆಯಾದ ಕೂಡಲೇ ನಾನು ಉಟ್ಟಿದ್ದ ಪರಕಾರದ ಅಂಚು ಎತ್ತಿ ಹಣೆ ಒರೆಸಿದೆ. ಜೋರಾಗಿ, ಚರ್ಮ ಉರಿಯುವ ಹಾಗೆ. ಜಂಗಮರು ಹಚ್ಚಿದ ವಿಭೂತಿ. ನಮ್ಮ ಮನೆಯಲ್ಲಿ ಅದು ತಾನಾಗಿ ಉದುರಬೇಕು, ಯಾರೂ ಕೈ ಹಚ್ಚಬಾರದು.

ಅವ್ವ ನೋಡಿದಳು. ನಿಂತಳು. ಕೈ ಎತ್ತಿದಳು. ಹೊಡೆಯುತ್ತಾಳೆ ಅಂತ ನಾನು ಕಣ್ಣು ಮುಚ್ಚಿದೆ.

ಹುಬ್ಬಿನ ಮೇಲೆ ಸ್ವಲ್ಪ ಉಳಿದಿತ್ತಂತೆ. ಸೆರಗಿನ ತುದಿಯನ್ನು ಎಂಜಲು ಮಾಡಿ ಅದನ್ನೂ ಒರೆಸಿ, "ನಡಿ," ಅಂದಳು.